ಎತ್ತಿದ ಜಾಗದಲ್ಲೇ ಇಳಿಯುವ ಡಂಬಲ್ ಜೋಡಿಯವರಿಗೆ

ಮಾಸ್ತಿಯ ನಮ್ಮ ನಡುಮನೆಯಲ್ಲಿ ಟೀವಿಯ ಕೆಳಗೆ ಹಬ್ಬಕ್ಕೆ ಬಂದ ಅಳಿಯನಂತೆ ದಿನವಿಡೀ ಬಿದ್ದುಕೊಂಡಿರುವ ಮಾನ್ಯ ಕಬ್ಬಿಣದ ಡಂಬಲ್ ಜೋಡಿಯವರೇ,

ತಮ್ಮ ಪಾದಗಳಿಗೆ ನಮಸ್ಕಾರ ಮಾಡೋಣವೆಂದರೆ ತಮಗೆ ಪಾದವಿಲ್ಲ, ಎರಡು ಕಡೆಯೂ ತಲೆಯೇ ಇದೆ. ಆದ್ದರಿಂದ ಒಂದೊಂದು ತಲೆಗೂ ಒಂದೊಂದು ನಮಸ್ಕಾರ. ನಾನು ಆಂಜಿನಮ್ಮ, ದಿನಾ ಬೆಳಿಗ್ಗೆ ತಮ್ಮನ್ನು ಎತ್ತಿ ಇಳಿಸುವ ಮುದುಕಿ. ಓದಿದ್ದು ಊರ ಶಾಲೆಯಲ್ಲಿ ಮೂರನೇ ಕ್ಲಾಸು, ಅದೂ ಪೂರ್ತಿಯಲ್ಲ. ಬರವಣಿಗೆಯಲ್ಲಿ ತಪ್ಪಿದ್ದರೆ ದೊಡ್ಡವರಾದ ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು.

ಯುಗಾದಿಗೆ ಮುಂಚೆ ನಾನು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಮದುವೆಯಾಗಿ ಬಂದ ಲಾಗಾಯ್ತು ನನ್ನ ಕೈಯಲ್ಲಿದ್ದ ಮುದ್ದೆಕೋಲು ಅವತ್ತು ಸೊಸೆ ಮುನಿಲಕ್ಷ್ಮಿಯ ಕೈಗೆ ಹೋದದ್ದು ಪಟ್ಟಿ ಬಿಚ್ಚಿದ ಮೇಲೂ ವಾಪಸ್ ಬರಲಿಲ್ಲ. ಕೇಳಿದರೆ, "ಅತ್ತಮ್ಮಾ, ನಿಮ್ ಕೈ ನೋಡ್ಕಳಿ, ಬದನೆಕಾಯ್ ತೊಟ್ಟಿದ್ದಂಗೈತೆ, ಸುಮ್ಕೆ ಕೂತ್ಕಳಿ" ಎಂದು ಬಹಳ ಪ್ರೀತಿಯಿಂದ ಮೂಲೆ ತೋರಿಸುತ್ತಾಳೆ. ಒಳ್ಳೆಯವಳೇ, ಅವಳ ಸಾರಿಗೆ ನಾನು ಹೆಸರಿಡುವುದಿಲ್ಲ. ಮುದ್ದೆಗೆ ಮಾತ್ರ ಇಡುತ್ತೇನೆ: ಮುರಿದರೆ ಒಳಗಿಂದ ಹಸಿ ಹಿಟ್ಟಿನ ಗಂಟು ಇಣುಕುತ್ತದೆ. ನಮ್ಮ ಯಜಮಾನರು ದೊಡ್ಡವೆಂಕಟಪ್ಪನವರು ಗಂಟನ್ನು ತಟ್ಟೆಯ ಅಂಚಿಗೆ ಸರಿಸಿ, "ಏನೇ, ಇವತ್ತೂ ಮುದ್ದೆ ಮರಿ ಹಾಕೈತೆ" ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ. ಸೊಸೆಯ ಎದುರಿಗೆ ಹೇಳುವ ಧೈರ್ಯ ಅವರ ವಂಶದಲ್ಲೇ ಇಲ್ಲ.

ಕೋಲಾರದ ಮೂಳೆ ಡಾಕ್ಟರು ನನ್ನ ತೋಳು ಹಿಚುಕಿ ನೋಡಿ, ಭಾರ ಎತ್ತುವ ವ್ಯಾಯಾಮ ಮಾಡಿದರೆ ಮೂಳೆ ಗಟ್ಟಿಯಾಗುತ್ತದೆ, ಮಾಂಸಖಂಡ ಕರಗುವುದು ನಿಧಾನವಾಗುತ್ತದೆ, ಸಕ್ಕರೆ ಹತೋಟಿಗೆ ಬರುತ್ತದೆ, ಇನ್ನೊಮ್ಮೆ ಬೀಳುವ ಭಯ ಕಡಿಮೆಯಾಗುತ್ತದೆ ಎಂದರು. ಲಕ್ಕೂರಿನ ಕಡೆ ಫ್ಯಾಕ್ಟರಿಗೆ ಹೋಗುವ ಮೊಮ್ಮಗಳು ಆಶಾರಾಣಿ ಅದೇ ವಾರ ಮಾಲೂರಿನಿಂದ ಬಸ್ಸಿನಲ್ಲಿ ತಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದಳು. ಮದುವಣಗಿತ್ತಿಯಾಗಿ ಬಂದಾಗಲೂ ನನಗೆ ಆ ಮರ್ಯಾದೆ ಸಿಕ್ಕಿರಲಿಲ್ಲ.

ಈಗ ನನ್ನ ದೂರು. ಬಿಂದಿಗೆ ಎತ್ತಿದರೆ ನೀರು ಮನೆಗೆ ಬರುತ್ತದೆ, ಹುಲ್ಲಿನ ಹೊರೆ ಎತ್ತಿದರೆ ಹಸುವಿನ ಹೊಟ್ಟೆ ತುಂಬುತ್ತದೆ, ತಮ್ಮನ್ನು ಎತ್ತಿದರೆ ತಾವು ಮೇಲೆ ಹೋಗಿ ಊರು ನೋಡಿಕೊಂಡು ಹೊರಟ ಜಾಗಕ್ಕೇ ಬಂದು ಕೂರುತ್ತೀರಿ. ನಾನು ಖಾಲಿ ಬಿಂದಿಗೆ ಮುಟ್ಟಿದರೆ "ಅಯ್ಯೋ, ಬಿಡಿ ಬಿಡಿ" ಎಂದು ಓಡಿ ಬರುವ ಮನೆಮಂದಿಯೇ, ತಮ್ಮನ್ನು ಮುಟ್ಟದಿದ್ದರೆ "ಕಳ್ಳಾಟ ಆಡ್ಬೇಡ ಕಣಜ್ಜಿ" ಎಂದು ಗದರುತ್ತಾರೆ. ಇಷ್ಟು ಸೇವೆ ಮಾಡಿಸಿಕೊಳ್ಳುವ ತಾವು ಮೇಲೇರುವಾಗ ಒಂದು ಹಿಡಿ ರಾಗಿಯನ್ನಾದರೂ ಬೀಸಬಾರದೇ, ಅಥವಾ ಒಂದೇ ಒಂದು ದಿನ ನಾನು ಮಲಗಿದ್ದು ತಾವು ನನ್ನನ್ನು ಎತ್ತಬಾರದೇ?

ಶ್ರಾವಣ ಕಳೆಯುವಷ್ಟರಲ್ಲಿ, ಸೊಪ್ಪು ಬಿಡಿಸಿ ನೆಲದಿಂದ ಎದ್ದಾಗ ಗೋಡೆ ಹಿಡಿಯುವುದನ್ನೇ ಮರೆತಿದ್ದೆ ಎಂಬುದು ನಿಜ. ಮನೆಮಂದಿಯೆಲ್ಲ ತಮ್ಮನ್ನು ಹೊಗಳಿದರು. ಬೆವರು ನನ್ನದು, ಹೆಸರು ತಮ್ಮದು.

ನಮ್ಮ ಮನೆಯಲ್ಲಿ ಆಯುಧಪೂಜೆಗೆ ಕುಡುಗೋಲು, ಈಳಿಗೆಮಣೆ, ಮುದ್ದೆಕೋಲು ಎಲ್ಲಕ್ಕೂ ಕುಂಕುಮವಿಟ್ಟು ಕೂರಿಸುತ್ತೇವೆ. ಮಾರನೇ ಬೆಳಿಗ್ಗೆ ಯಾವುದನ್ನು ಯಾರು ಎತ್ತಿಕೊಳ್ಳುತ್ತಾರೋ ಅದು ವರ್ಷವೆಲ್ಲ ಅವರ ಕೈಯದು. ಈ ಸಲ ಕೋಲಿನ ಪಕ್ಕದಲ್ಲಿ ಚೆಂಡುಹೂ ಮುಡಿದು ತಾವೂ ಕೂತಿದ್ದಿರಿ. ವಿಜಯದಶಮಿಯ ಬೆಳಿಗ್ಗೆ ಆಶಾರಾಣಿ ತಮ್ಮನ್ನು ತೋರಿಸಿ, "ಅಜ್ಜಿ, ನಿನ್ ಆಯುಧ ತಗೋ" ಎಂದಳು. ಮುನಿಲಕ್ಷ್ಮಿ ಕೋಲಿನ ಕಡೆ ಬಗ್ಗಿದಳು. ನಾನು ಇಬ್ಬರಿಗಿಂತ ಮುಂಚೆ ಬಗ್ಗಿ ಕೋಲು ಹಿಡಿದೆ.

"ಅತ್ತಮ್ಮಾ, ಇನ್ನೊಂದ್ ಸಲ ಕೈ ಮುರ್ಕೊಂಡ್ರೆ?" ಎಂದಳು.

"ಮುರಿದ್ರೆ ಕೋಲು ನಿಂದೇ ಕಣೇ, ಆಮೇಲೆ ನಾನು ಸೊಲ್ಲೆತ್ತಲ್ಲ. ಈಗ ಹೋಗಿ ಎಸರಿಡು" ಎಂದೆ.

ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಬಟ್ಟೆ ಸುತ್ತಿ, ಎರಡು ಪಾದಗಳ ನಡುವೆ ಅದುಮಿ ಹಿಡಿದು ತಿರುವಿದೆ. ಮಣಿಕಟ್ಟು ಉರಿಯಿತು, ಕೋಲು ನಿಲ್ಲಲಿಲ್ಲ. ಯಜಮಾನರು ಮುದ್ದೆ ಮುರಿದರು, ಅಭ್ಯಾಸಬಲದಿಂದ ಗಂಟು ಹುಡುಕಿದರು, ಸಿಗಲಿಲ್ಲ. ತಟ್ಟೆ ಮುಂದಕ್ಕೆ ತಳ್ಳಿ ಇನ್ನೊಂದು ಹಾಕಿಸಿಕೊಂಡರು.

ಹೀಗಾಗಿ ನನ್ನ ದೂರಿನಲ್ಲಿ ಅರ್ಧವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಉಳಿದರ್ಧ ತಾವು ರಾಗಿ ಬೀಸಲು ಕಲಿತ ದಿನ.

ನಾಳೆ ಬೆಳಿಗ್ಗೆ ಮತ್ತೆ ತಮ್ಮ ಕತ್ತು ಹಿಡಿಯಲಿರುವ,
ತಮ್ಮ ವಿಶ್ವಾಸಿ
ಆಂಜಿನಮ್ಮ

ಮರೆತ ಮಾತು: ನಿನ್ನೆ ಮಧ್ಯಾಹ್ನ ನನಗೆ ನಿದ್ದೆ ಬಂದಿದೆಯೆಂದುಕೊಂಡು ಮುನಿಲಕ್ಷ್ಮಿ ತಮ್ಮನ್ನು ಕದ್ದು ಎತ್ತುತ್ತಿದ್ದಳು. ಅವಳ ಮೂಳೆ ಗಟ್ಟಿಯಾಗಲಿ, ಸಕ್ಕರೆ ಹತ್ತಿರ ಸುಳಿಯದಿರಲಿ, ತಣ್ಣಗೆ ಬಾಳಲಿ. ಆದರೆ ಅವಳ ಮಣಿಕಟ್ಟಿನ ವಿಷಯದಲ್ಲಿ ಮಾತ್ರ, ಮುಂದಿನ ಆಯುಧಪೂಜೆ ಕಳೆಯುವವರೆಗೆ, ತಾವು ತಮ್ಮ ಸೋಮಾರಿತನವನ್ನು ಬಿಡಬಾರದಾಗಿ ಪ್ರಾರ್ಥನೆ.