ಬೀಗಪ್ಪ ಬಾಯಿ ತೆರೆದ ದಿನ

ಎಲ್ಲಕ್ಕೂ ಮೂಲ, ಬೀಗಪ್ಪನ ಹೆಂಡತಿಯ ಪಿತ್ತಕೋಶದಲ್ಲಿದ್ದ ಕಡಲೆಕಾಳಿನಷ್ಟು ಕಲ್ಲು. ಆಪರೇಷನ್ ನಾಳೆ ಬೆಳಿಗ್ಗೆ ಒಂಬತ್ತಕ್ಕೆ. ಆದರೆ ಆಸ್ಪತ್ರೆಗೂ ವಿಮಾ ಕಂಪನಿಗೂ ಜಗಳ ಹತ್ತಿತ್ತು. ಇಂದು ಸಂಜೆ ಐದರೊಳಗೆ ಹೊಸ ಒಪ್ಪಂದಕ್ಕೆ ಸಹಿ ಬೀಳದಿದ್ದರೆ, ನಾಳೆಯಿಂದ ಆ ಕಂಪನಿಯ ಕಾರ್ಡು ಅಲ್ಲಿ ನಡೆಯುವಂತಿರಲಿಲ್ಲ.

ಇಂಥ ಜಗಳ ಬಿಡಿಸಲೆಂದೇ ಸರ್ಕಾರ ಒಂದು ಕಚೇರಿ ಇಟ್ಟಿತ್ತು. ಅಲ್ಲಿನ ಸ್ಟೆನೋ ಬೀಗಪ್ಪ. ಒಳಗಿನ ಮಾತನ್ನು ಎಂದೂ ಹೊರಗೆ ಬಿಡದವನೆಂದು ಸಹೋದ್ಯೋಗಿಗಳು ಇಟ್ಟ ಹೆಸರು ಅದು.

ಅವನು ಹೆದರಿದ್ದು ಕಚೇರಿಯ ನಿಯಮ ಹನ್ನೊಂದಕ್ಕೆ. ಒಪ್ಪಂದದಿಂದ ತನಗೋ ಮನೆಯವರಿಗೋ ಅನುಕೂಲವಿರುವ ನೌಕರ ಕಲಾಪ ಬರೆದುಕೊಂಡರೆ ಆ ಕಲಾಪವೇ ಅಸಿಂಧು. ಆ ನಿಯಮವನ್ನು ಹನ್ನೆರಡು ಪ್ರತಿ ಟೈಪ್ ಮಾಡಿದವನೂ ಅವನೇ. ವಿಚಾರಣೆ ನಡೆಸುವ ಸಾಹೇಬರಿಗೆ ಹೇಳಿಬಿಡೋಣವೆಂದು ಹೊರಟವನನ್ನು ರೆಕಾರ್ಡ್ ರೂಮಿನ ಅಕ್ಕ ತಡೆದಳು.

"ಸುಮ್ನಿರಪ್ಪ! ನೀನು ಎದ್ದು ಹೋದ್ರೆ ಬರ್ಕೊಳ್ಳೋರು ಯಾರು? ವಿಚಾರಣೆ ಮುಂದಕ್ಕೆ ಹೋಗುತ್ತೆ, ಕಲ್ಲು ಅಲ್ಲೇ ಇರುತ್ತೆ."

ಬೀಗಪ್ಪ ಬಾಯಿಗೆ ಬೀಗ ಜಡಿದುಕೊಂಡು ಕೂತ. ಇಬ್ಬರು ವಕೀಲರದೂ ಎತ್ತು ಏರಿಗೆ, ಕೋಣ ನೀರಿಗೆ. ಮೂರು ಗಂಟೆಯಾದರೂ ಒಂದು ಸಾಲೂ ಮುಂದೆ ಹೋಗಲಿಲ್ಲ. ಹೆಂಡತಿಯ ಕರೆಗೆ ಜೇಬಿನಲ್ಲಿ ಫೋನು ಸಿಕ್ಕಿಬಿದ್ದ ದುಂಬಿಯಂತೆ ಗುಂಯ್‌ಗುಡುತ್ತಿತ್ತು.

ಫೈಲು ಕೊಡುವ ನೆಪದಲ್ಲಿ ಬಂದ ಅಕ್ಕ ಕಿವಿಯಲ್ಲಿ ಉಸುರಿದಳು: "ಎಸಿ ಆರ್ಸು. ಬೆವರಿಳಿದ್ರೆ ಸೊಕ್ಕೂ ಇಳಿಯುತ್ತೆ."

ಅವನು ಮೇಜಿನಡಿ ರಿಮೋಟ್ ಒತ್ತಿದ. ಅರ್ಧ ಗಂಟೆಯಲ್ಲಿ ಕೋಣೆ ಕುಲುಮೆಯಾಯಿತು. ಆದರೆ ಮೊದಲು ಎದ್ದು ನಿಂತವರು ಸಾಹೇಬರೇ.

"ಏನ್ರೀ ಈ ಸೆಖೆ! ನಾಳೆ ನೋಡೋಣ ನಡೀರಿ."

ಬೀಗಪ್ಪನ ಜೀವ ಬಾಯಿಗೆ ಬಂತು. "ಸರ್, ಗಡುವು... ಐದಕ್ಕೆ ಸರ್!"

"ಹೌದಲ್ವಾ," ಎಂದು ಸಾಹೇಬರು ಮತ್ತೆ ಕುಸಿದು ಕೂತರು. ಕೋಟು ನೆನೆದು ಮುದ್ದೆಯಾಗಿದ್ದ ಆಸ್ಪತ್ರೆಯ ವಕೀಲರು ಎರಡು ಷರತ್ತು ಬಿಟ್ಟರು. ಕಂಪನಿಯ ವಕೀಲರು ಮೂರು ಬಿಟ್ಟರು. ನಾಲ್ಕೂಮುಕ್ಕಾಲಿಗೆ ಸಹಿ ಬಿತ್ತು!

ಬೀಗಪ್ಪ ಒಂದೇ ಉಸಿರಿಗೆ ಪಡಸಾಲೆಗೆ ಓಡಿ ಫೋನೆತ್ತಿದ.

"ಏನ್ರೀ, ಬ್ಯಾಗ್ ತುಂಬ್ಲಾ, ಬಿಚ್ಚಿಡ್ಲಾ?"

"ತುಂಬು ಕಣೇ! ನಾನೇ ಕೂತು ಬರ್ಕೊಂಡಿದೀನಿ, ಒಪ್ಪಂದ ಆಯ್ತು. ನಾಳೆ ಅದೇ ಆಸ್ಪತ್ರೇಲಿ ನಿನ್ನ ಆಪರೇಷನ್!"

ಅಷ್ಟು ವರ್ಷದ ಬೀಗ ಕಳಚಿಬಿದ್ದ ಸದ್ದಿಗೆ, ಹಿಂದೆ ಗಾಳಿಗೆಂದು ನಿಂತಿದ್ದ ಕಂಪನಿಯ ವಕೀಲರು ತಿರುಗಿದರು. ಬಿಟ್ಟ ಮೂರು ಷರತ್ತಿಗೆ ಆಗಲೇ ಕೈ ಹಿಸುಕಿಕೊಳ್ಳುತ್ತಿದ್ದವರ ಮುಖ ಅರಳಿತು.

"ಸಾಹೇಬ್ರೇ! ನಿಯಮ ಹನ್ನೊಂದು!"

ಸಾಹೇಬರು ನಿಯಮವನ್ನು ಎರಡು ಸಲ ಓದಿದರು. ಬೀಗಪ್ಪನನ್ನು ಒಂದು ಸಲ ನೋಡಿದರು. "ಈ ಸಹಿ ಲೆಕ್ಕಕ್ಕಿಲ್ಲ. ಆದ್ರೂ ಇನ್ನೂ ಹತ್ತು ನಿಮಿಷ ಇದೆ. ಇನ್ನೊಬ್ರು ಸ್ಟೆನೋ ಇದಾರಲ್ಲ, ಕರೀರಿ. ಅವ್ರೇ ಬರ್ಕೊಳ್ಲಿ, ಮತ್ತೆ ಸಹಿ ಹಾಕ್ಸೋಣ."

ಬೀಗಪ್ಪನ ಮುಖಕ್ಕೆ ಮತ್ತೆ ರಕ್ತ ಬಂತು. ಬಾಗಿಲ ಬಳಿಯಿದ್ದ ಅಕ್ಕ ಮಾತ್ರ ಕರೆಯಲು ಹೋಗದೆ ಸೆರಗಿನ ತುದಿ ತಿರುವುತ್ತ ನಿಂತೇ ಇದ್ದಳು.

"ಅವ್ರು ಇವತ್ತಿಂದ ರಜೆ ಸರ್."

"ಯಾಕೆ?"

"ನಾಳೆ ಹರ್ನಿಯಾ ಆಪರೇಷನ್ನು. ಅದೇ ಆಸ್ಪತ್ರೆ, ಅದೇ ಕಾರ್ಡು."