ಲೀಟರಿಗೆ ಹತ್ತು ಕಲ್ಲು

ಹೆಂಡತಿ: ಮಾರಿಬಿಡಿ ಅಂದ್ರೆ ಮಾರಿಬಿಡಿ! ಇದು ಗಾಡಿ ಅಲ್ಲ ರೀ, ಬಕಾಸುರ. ಎಷ್ಟು ಸುರಿದ್ರೂ ಬಾಯಿ ತೆಕ್ಕೊಂಡೇ ಇರುತ್ತೆ.

ಬಡಗಿ: ಬಾಯಿ ತೆಕ್ಕೊಂಡೇ ಇರೋರ ಬಗ್ಗೆ ನಾನೇನೂ ಹೇಳಲ್ಲಪ್ಪ.

ಗ್ಯಾರೇಜಿನ ಮುಂದೆ ಹಳೆಯ ಪಿಕಪ್ ಬಾನೆಟ್ ಎತ್ತಿಕೊಂಡು ನಿಂತಿತ್ತು. ಒಂದು ಪಕ್ಕದಲ್ಲಿ ಬಾಗಿಲು-ಕಿಟಕಿ ಮಾಡುವ ಬಡಗಿ, ಇನ್ನೊಂದು ಪಕ್ಕದಲ್ಲಿ ಆ ಬಾಗಿಲುಗಳಿಗೆ ಪಾಲಿಶ್ ಹಾಕುವ ಅವನ ಹೆಂಡತಿ. ಮೆಕ್ಯಾನಿಕ್ ಅವಳ ಅಕ್ಕನ ಗಂಡ, ಅಂದರೆ ಬಡಗಿಗೆ ಷಡ್ಡಕ. ಜಗತ್ತಿನಲ್ಲಿ ಸರಿಯಾದ ಮೆಕ್ಯಾನಿಕ್ ಒಬ್ಬನೇ ಇದ್ದಾನೆಂದು ಅವನು ನಂಬಿದ್ದ. ಆ ಒಬ್ಬನನ್ನು ದಿನಾ ಬೆಳಗ್ಗೆ ಕನ್ನಡಿಯಲ್ಲಿ ನೋಡುತ್ತಿದ್ದ.

ಮೆಕ್ಯಾನಿಕ್: ಲೀಟರಿಗೆ ಎಷ್ಟು ಕೊಡ್ತಿದೆ?

ಬಡಗಿ: ಆರು ಕಿಲೋಮೀಟರ್ ಅಣ್ಣ.

ಮೆಕ್ಯಾನಿಕ್: ಮೀಟರ್ ಸತ್ತು ನಾಲ್ಕು ವರ್ಷ ಆಯ್ತು. ಆರು ಅಂತ ಯಾರು ಹೇಳಿದ್ದು? ಗಾಡಿನೇ ಬಂದು ಕಿವೀಲಿ ಹೇಳ್ತಾ?

ಬಡಗಿ: ಅಂದಾಜು. ಬಡಗಿ ಕಣ್ಣು ಅಣ್ಣ ಇದು. ಮರ ನೋಡಿದ್ರೆ ಸಾಕು, ಎಷ್ಟು ಅಡಿ ಅಂತ ಹೇಳ್ಬಿಡ್ತೀನಿ.

ಹೆಂಡತಿ: ಆ ಕಣ್ಣಲ್ಲಿ ಅಳತೆ ತೆಗೆದ ನಮ್ಮನೆ ಬಚ್ಚಲು ಬಾಗಿಲು ಇವತ್ತಿಗೂ ಮುಚ್ಚಲ್ಲ ಭಾವ. ಒಳಗಿರೋರು ಹಾಡು ಹೇಳ್ತಾನೇ ಇರ್ಬೇಕು.

ಮೆಕ್ಯಾನಿಕ್ ಇಂಜಿನ್ನಿನೊಳಗೆ ತಲೆ ತೂರಿಸಿದವನು ಅಲ್ಲಿಂದಲೇ ಕೂಗಿದ.

ಮೆಕ್ಯಾನಿಕ್: ಪೆಟ್ರೋಲ್ ಪೈಪಿಗೆ ಇದೇನು ತಾಯತ ಕಟ್ಟಿದ್ದೀಯ?

ಬಡಗಿ: ಅಯಸ್ಕಾಂತ ಅಣ್ಣ. ಅದಿದ್ರೆ ಪೆಟ್ರೋಲ್ ಕಣ ಎಲ್ಲ ಸಾಲಾಗಿ ನಿಂತ್ಕೊಂಡು ಒಳಗೆ ಹೋಗ್ತವಂತೆ.

ಮೆಕ್ಯಾನಿಕ್: ಸಾಲಾಗಿ ಯಾಕೆ? ಒಳಗೆ ಟಿಕೆಟ್ ಕೊಡ್ತಾರಾ?

ಹೆಂಡತಿ: ಟ್ಯಾಂಕಿಗೆ ನುಸಿಗುಳಿಗೆ ಹಾಕಿದ್ದೂ ಹೇಳಿ. ಬೀರುವಿಗೆ ಅಂತ ನಾನು ತಂದಿಟ್ಟಿದ್ದು! ಮೈಲೇಜ್ ಏರುತ್ತೆ ಅಂತ ಪೊಟ್ಟಣ ಪೂರ್ತಿ ಸುರಿದ್ರು.

ಮೆಕ್ಯಾನಿಕ್: ಏರದಿದ್ರೇನಂತೆ, ಟ್ಯಾಂಕಲ್ಲಿ ಜಿರಲೆ ಆಗಲ್ಲ. ಅದಿರ್ಲಿ, ಈ ಗಾಡಿ ನೆರಳಲ್ಲಿ ನಿಲ್ಲಿಸ್ತೀಯೋ, ಬಿಸಿಲಲ್ಲೋ?

ಬಡಗಿ: ಬಿಸಿಲಲ್ಲಿ ನಿಲ್ಲಿಸ್ತೀನಾ? ಮಗು ಥರ ನೋಡ್ಕೋತೀನಿ. ಷೆಡ್ಡೊಳಗೆ, ಗರಗಸದ ಮಿಷನ್ ಪಕ್ಕದಲ್ಲೇ.

ಮೆಕ್ಯಾನಿಕ್ ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಕುಟ್ಟಿದ. ಮರದ ಹೊಟ್ಟು ಗುಡ್ಡೆಯಾಗಿ ಬಿತ್ತು. ಇನ್ನೊಮ್ಮೆ ಕುಟ್ಟಿದ. ಇನ್ನೊಂದು ಗುಡ್ಡೆ.

ಮೆಕ್ಯಾನಿಕ್: ಮಗು ಮೂಗಿಗೆ ದಿಂಬು ಒತ್ತಿ ಸಾಕಿದ್ದೀಯಲ್ಲಪ್ಪ! ಗಾಳಿ ಸಿಗದಿದ್ರೆ ಇಂಜಿನ್ ಇನ್ನೇನು ಮಾಡುತ್ತೆ? ಬರೀ ಪೆಟ್ರೋಲ್ ಕುಡಿಯುತ್ತೆ.

ಹೆಂಡತಿ: ಹೇಳಿ ಭಾವ, ಇನ್ನೂ ನಾಲ್ಕು ಹೇಳಿ. ನಾನು ಹೇಳಿದ್ರೆ ಇವರಿಗೆ ಕಿವೀಲೂ ಹೊಟ್ಟು.

ಬಡಗಿ ತಲೆ ತಗ್ಗಿಸಿದ. ಹೆಂಡತಿಯ ಮುಖ ಹೊಸ ಪಾಲಿಶ್ ಹಾಕಿದ ಬಾಗಿಲಿನಂತೆ ಹೊಳೆಯಿತು. ಅಷ್ಟರಲ್ಲಿ ಮೆಕ್ಯಾನಿಕ್ ಡ್ರೈವರ್ ಸೀಟಿನ ಕಡೆ ಬಂದು ಒಳಗೆ ಇಣುಕಿದ.

ಮೆಕ್ಯಾನಿಕ್: ಈ ಚೋಕ್ ಗುಬುಟಿಗೆ ಚೀಲ ನೇತುಹಾಕಿರೋ ಬುದ್ಧಿವಂತ ಯಾರು? ತಣ್ಣಗಿರೋ ಇಂಜಿನ್ ಶುರು ಮಾಡೋಕೆ ಒಂದು ನಿಮಿಷ ಎಳೆಯೋದು ಇದನ್ನ. ಎಳೆದೇ ಬಿಟ್ರೆ ಪೆಟ್ರೋಲ್ ಸುಮ್ಮನೆ ಹೊಗೆಯಾಗಿ ಹೋಗುತ್ತೆ. ಇಂಥ ತಲೆ ಯಾರದ್ದು? ಕತ್ತೆಗೂ ಇಷ್ಟು...

ಬಡಗಿ: ಅಣ್ಣ, ಸ್ವಲ್ಪ ಮೆಲ್ಲಗೆ. ಚೀಲ ನೋಡಿ ಮಾತಾಡಿ.

ಚೀಲ ಹೂವಿನ ಚಿತ್ರದ್ದು. ಬಾಯಿಗೆ ಕನ್ನಡಿ ಚೂರು ಹೊಲಿದದ್ದು.

ಹೆಂಡತಿ: ಅದು... ಗೂಟ ಅಂದ್ಕೊಂಡಿದ್ದೆ.

ಮೆಕ್ಯಾನಿಕ್: ಗೂಟ?

ಹೆಂಡತಿ: ಒಳಗೆ ಸೇರ್ಕೊಂಡಿತ್ತು ಭಾವ. ಸ್ವಲ್ಪ ಹೊರಗೆ ಎಳೆದ್ರೆ ಚೀಲ ಚೆನ್ನಾಗಿ ಕೂರ್ತಿತ್ತು.

ಬಡಗಿ: ಎರಡು ವರ್ಷದಿಂದ ಕೂತಿದೆ! ಬಕಾಸುರನಿಗೆ ಬಂಡಿ ಅನ್ನ ಸಾಗಿಸ್ತಿದ್ದೋರು ಯಾರು ಅಂತ ಈಗ ಗೊತ್ತಾಯ್ತು.

ಹೆಂಡತಿ: ಗೂಟ ಅಲ್ಲ ಅಂತ ಒಂದು ಮಾತು ಹೇಳೋಕೆ ನಿಮಗೇನಾಗಿತ್ತು? ಪಕ್ಕದಲ್ಲೇ ಕೂತು ಗಾಡಿ ಓಡಿಸ್ತಿದ್ರಲ್ಲ!

ಬಡಗಿ: ನಾನೂ ಗೂಟ ಅಂದ್ಕೊಂಡೆ ಕಣೇ. ನೀನು ಅಷ್ಟು ಧೈರ್ಯವಾಗಿ ನೇತುಹಾಕಿದೆಯಲ್ಲ!

ಮೆಕ್ಯಾನಿಕ್ ಎರಡೂ ಕೈಯಿಂದ ಹಣೆ ಚಚ್ಚಿಕೊಂಡ. ಗ್ರೀಸಿನ ಹತ್ತು ಬೆರಳೂ ಅಲ್ಲಿ ಮೂಡಿದವು. ಆಮೇಲೆ ಕಾರ್ಬ್ಯುರೇಟರ್ ಬಿಚ್ಚಿ, ತೊಳೆದು, ಊದಿ, ಜೋಡಿಸಿ, ಗಾಳಿ-ಪೆಟ್ರೋಲಿನ ಸ್ಕ್ರೂ ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸಿದ. ಟೈರಿಗೆ ಗಾಳಿ ತುಂಬಿಸಿದ. ಅಲುಗಾಡುತ್ತಿದ್ದ ಇಂಜಿನ್ ತೂಕಡಿಸುವ ಮುದುಕನಂತೆ ಒಂದೇ ಲಯಕ್ಕೆ ಬಂತು.

ಹೆಂಡತಿ: ಸದ್ದು ಚೆನ್ನಾಗಿದ್ರೆ ಸಾಲದು. ಲೀಟರಿಗೆ ಹತ್ತು ಕೊಟ್ರೆ ಇರಲಿ. ಒಂದು ಕಡಿಮೆ ಆದ್ರೂ ಮಾರಾಟ. ಮಾತು ಅಂದ್ರೆ ಮಾತು.

ಬಡಗಿ: ಇಪ್ಪತ್ತು ವರ್ಷ ಕಣೇ. ಈ ಊರಿನ ಅರ್ಧ ಮನೆ ಬಾಗಿಲು ಇದರ ಬೆನ್ನ ಮೇಲೇ ಹೋಗಿದ್ದು. ನೀನೂ ನಮ್ಮನೆಗೆ ಇದರಲ್ಲೇ ಬಂದಿದ್ದು.

ಹೆಂಡತಿ: ಅದಕ್ಕೇ ಇದರ ಮೇಲೆ ನನಗೆ ಇಷ್ಟು ಸಿಟ್ಟು.

ಹಾಗೆಂದರೂ ಅವಳು ಮಡ್ಗಾರ್ಡಿನ ಮೇಲೆ ಕೂತ ಹೊಟ್ಟನ್ನು ಸೆರಗಿನಿಂದ ಒರೆಸಿದಳು. ಬಡಗಿ ನೋಡಿಯೂ ನೋಡದವನಂತೆ ನಿಂತ.

ಮೆಕ್ಯಾನಿಕ್ ಒಂದು ಲೀಟರ್ ಬಾಟಲಿಗೆ ಪೆಟ್ರೋಲ್ ಅಳೆದು ಹಾಕಿದ. ಟ್ಯಾಂಕಿನಿಂದ ಬರುವ ಪೈಪು ಬಿಚ್ಚಿ ಬಾಯಿ ಮುಚ್ಚಿದ. ಬಾಟಲಿಯನ್ನು ಬಾಗಿಲ ಕನ್ನಡಿಗೆ ಕಟ್ಟಿ, ಅದರ ಪೈಪನ್ನು ಕಾರ್ಬ್ಯುರೇಟರಿಗೆ ಸಿಕ್ಕಿಸಿ, ಕ್ಲಿಪ್ಪು ಬಿಗಿದ.

ಹೆಂಡತಿ: ಅಯ್ಯೋ, ಸಲೈನ್ ಏರಿಸಿದ ಹಾಗಿದೆ. ರೋಗಿ ಉಳೀತಾನಾ ಡಾಕ್ಟ್ರೇ?

ಮೆಕ್ಯಾನಿಕ್: ಈ ರೋಗಿ ಏಳು ಕಿಲೋಮೀಟರ್ ದಾಟಿದ್ರೆ ಹೆಚ್ಚು. ಹಿಂದೆ ಏನದು ಪೆಟ್ಟಿಗೆ?

ಬಡಗಿ: ನನ್ನ ಹತಾರ. ಉಳಿ, ಸುತ್ತಿಗೆ, ಸ್ಕ್ರೂಡ್ರೈವರ್...

ಮೆಕ್ಯಾನಿಕ್: ಇಳಿಸು, ಇಳಿಸು! ಮೈಲೇಜ್ ನೋಡೋಕೆ ಹೊರಟವನು ಕಬ್ಬಿಣ ಹೇರ್ಕೊಂಡು ಬರ್ತಾನೆ. ಮರಗೆಲಸದೋರ ತಲೆ ಮರವೇ ಆಗ್ಬೇಕಾ?

ಪೆಟ್ಟಿಗೆ ಇಳಿಯಿತು. ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತರು. ಗ್ಯಾರೇಜಿನ ಎದುರಿನ ಕಿಲೋಮೀಟರ್ ಕಲ್ಲಿನಿಂದ ಹೊರಟರು. ಹೆಂಡತಿ ಕಿಟಕಿ ಪಕ್ಕ ಕೂತು ಒಂದು ಕಣ್ಣು ಬಾಟಲಿ ಮೇಲೆ, ಇನ್ನೊಂದು ಕಣ್ಣು ಕಲ್ಲುಗಳ ಮೇಲೆ ಇಟ್ಟಳು.

ಹೆಂಡತಿ: ಐದು... ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ ರೀ.

ಮೆಕ್ಯಾನಿಕ್: ಬಾಟಲಿ ಓರೆಯಾಗಿದೆ. ಹಾಗೆ ಕಾಣುತ್ತೆ.

ಹೆಂಡತಿ: ಏಳು.

ಮೆಕ್ಯಾನಿಕ್: ಇಳಿಜಾರು ಕಣಮ್ಮ ಇದು.

ಬಡಗಿ: ಎಲ್ಲಿದೆ ಇಳಿಜಾರು? ರಸ್ತೆ ರೂಲರ್ ಇಟ್ಟು ಗೆರೆ ಎಳೆದ ಹಾಗಿದೆ.

ಹೆಂಡತಿ: ಒಂಬತ್ತು. ತಳದಲ್ಲಿ ಎರಡು ಬೆರಳು ಉಳಿದಿದೆ. ರೀ, ಮೆಲ್ಲಗೆ ಓಡಿಸಿ. ಮಾತಾಡ್ಬೇಡಿ. ಯಾರೂ ಉಸಿರು ಬಿಡ್ಬೇಡಿ!

ಹತ್ತನೆಯ ಕಲ್ಲು ಬಂತು, ಹೋಯಿತು. ಬಡಗಿ ಸ್ಟೀರಿಂಗನ್ನು ಮೆಲ್ಲಗೆ ಸವರಿದ. ಹನ್ನೊಂದನೆಯ ಕಲ್ಲು ದಾಟಿ ಎಪ್ಪತ್ತು ಹೆಜ್ಜೆ ಹೋದ ಮೇಲೆ ಪಿಕಪ್ ಎರಡು ಸಲ ಬಿಕ್ಕಿ ನಿಂತಿತು.

ಹೆಂಡತಿ: ಹನ್ನೊಂದು! ಮಾರಲ್ಲ. ಇನ್ನು ಮಾರೋ ಮಾತಾಡಿದ್ರೆ ನನ್ನಾಣೆ.

ಬಡಗಿ: ನಾನೆಲ್ಲೇ ಮಾತಾಡಿದೆ?

ಮೆಕ್ಯಾನಿಕ್: ಕೈಗುಣ ಅಂದ್ರೆ ಇದು. ತಮ್ಮಾ, ಸ್ಕ್ರೂಡ್ರೈವರ್ ಕೊಡು, ಟ್ಯಾಂಕಿನ ಪೈಪ್ ಸಿಕ್ಕಿಸ್ತೀನಿ.

ಬಡಗಿ: ನನ್ನ ಹತ್ರ ಎಲ್ಲಿದೆ ಅಣ್ಣ? ಭಾರ ಅಂತ ನೀವೇ ಇಳಿಸಿದ್ರಲ್ಲ. ನಿಮ್ಮದು?

ಮೆಕ್ಯಾನಿಕ್ ಪ್ಯಾಂಟಿನ ಜೇಬು ಮುಟ್ಟಿದ. ಅಂಗಿಯ ಜೇಬು ಮುಟ್ಟಿದ. ಸೀಟಿನ ಕೆಳಗೆ ಬಗ್ಗಿದ. ಗ್ಯಾರೇಜಿನ ಮೇಜಿನ ಮೇಲೆ ಬಿಟ್ಟುಬಂದದ್ದು ನೆನಪಾದದ್ದು ಬಗ್ಗಿದಾಗಲೇ. ಮುಖ ತೋರಿಸುವುದು ಹೇಗೆಂದು ಬಗ್ಗಿಯೇ ಇದ್ದ.

ಹೆಂಡತಿ: ಭಾವ, ಅಲ್ಲೇ ಮನೆ ಮಾಡಿದ್ರಾ?

ಬಿಗಿದ ಕ್ಲಿಪ್ಪು ಉಗುರಿಗೆ ಬಗ್ಗಲಿಲ್ಲ, ಹಲ್ಲಿಗೆ ಬಗ್ಗಲಿಲ್ಲ. ಅರ್ಧ ಗಂಟೆ ಬಿಸಿಲಲ್ಲಿ ನಿಂತ ಮೇಲೆ ಒಂದು ಹಾಲಿನ ವ್ಯಾನ್ ಬಂದು ನಿಂತಿತು. ಅದರ ಡ್ರೈವರ್ ಏನಾಯಿತೆಂದು ಕೇಳಿ, ತನ್ನ ಸ್ಕ್ರೂಡ್ರೈವರ್ ತಂದು, ಎರಡೇ ನಿಮಿಷದಲ್ಲಿ ಟ್ಯಾಂಕಿನ ಪೈಪ್ ಸಿಕ್ಕಿಸಿದ.

ಡ್ರೈವರ್: ಪೈಪ್ ಬಿಚ್ಚಿ, ಒಂದು ಸ್ಕ್ರೂಡ್ರೈವರೂ ಕೊಡದೆ ರಸ್ತೆಗೆ ಬಿಟ್ಟಿದ್ದಾನಲ್ಲ, ಯಾರಮ್ಮ ಆ ಮೆಕ್ಯಾನಿಕ್?

ಮೆಕ್ಯಾನಿಕ್: ಇದ್ದಾನೆ ಬಿಡಿ, ಯಾವನೋ ಒಬ್ಬ.

ಹಾಗೆನ್ನುತ್ತಾ ಅವನು ಹಿಂದೆ ಸರಿದು, ಪಿಕಪ್ಪಿನ ಬಾಗಿಲಿಗೆ ಬೆನ್ನು ಅಂಟಿಸಿಕೊಂಡು ನಿಂತ. ಅವನ ಅಂಗಿಯ ಬೆನ್ನಿನ ಮೇಲೆ ಗ್ಯಾರೇಜಿನ ಹೆಸರು, ವಿಳಾಸ, ಫೋನ್ ನಂಬರು ಕೆಂಪು ಅಕ್ಷರದಲ್ಲಿ ಅಚ್ಚಾಗಿದ್ದವು.

ಡ್ರೈವರ್: ಹಾಗಲ್ಲ, ಗ್ಯಾರೇಜಿನ ಹೆಸರು ಹೇಳಿ. ಅಪ್ಪಿತಪ್ಪಿಯೂ ಆ ಕಡೆ ತಲೆ ಹಾಕಲ್ಲ.

ಹೆಂಡತಿ: ಭಾವ, ಒಂಚೂರು ಆ ಕಡೆ ತಿರುಗಿ ನಿಂತ್ಕೊಳ್ಳಿ. ಪಾಪ, ಅವರು ಓದ್ಕೊಳ್ಳಲಿ.