ಬೇರೆಯವರ ಸಾವಿಗೆ ನುಡಿದ ನನ್ನ ಕ್ಲಾರಿನೆಟ್

ಸಾರ್ವಜನಿಕ ರೇಡಿಯೋದ ಬೆಳಗಿನ ಸುದ್ದಿ ವಾಚಕರೂ, ಯಾರೂ ನೇಮಿಸದಿದ್ದರೂ ಸಂಗೀತ ಲೋಕದ ಪಾಲಕರೂ ಆದ ತಮ್ಮ ಸನ್ನಿಧಿಗೆ, ಬಟ್ಟೆ ಹೊಲಿಯುವವನೂ, ಬಿಡುವಿನಲ್ಲಿ ಕ್ಲಾರಿನೆಟ್ ಊದುವವನೂ, ಈ ಪತ್ರ ಬರೆಯುವ ಹೊತ್ತಿಗೆ ಖಂಡಿತವಾಗಿ ಬದುಕಿರುವವನೂ ಆದ ಒಬ್ಬ ಕೇಳುಗನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಮ್ಮ ಸುದ್ದಿಯನ್ನು ನಾನು ಹದಿನಾರು ವರ್ಷಗಳಿಂದ ಹೊಲಿಗೆ ಯಂತ್ರ ತುಳಿಯುತ್ತಲೇ ಕೇಳುತ್ತ ಬಂದಿದ್ದೇನೆ. ಬೇರೆಯವರು ಓದಿದರೆ ತರಕಾರಿಯ ಬೆಲೆ ಬರೀ ಏರುತ್ತದೆ, ಇಳಿಯುತ್ತದೆ. ತಾವು ಓದಿದರೆ ಮಾತ್ರ ಅದಕ್ಕೆ ಆರೋಹಣ, ಅವರೋಹಣದ ಭಾಗ್ಯ. ಸಭೆಯಲ್ಲಿ ಗದ್ದಲವಾದರೆ ಶ್ರುತಿ ತಪ್ಪಿತು ಎನ್ನುತ್ತೀರಿ, ರೈಲು ತಡವಾದರೆ ವಿಳಂಬ ಕಾಲ ಎನ್ನುತ್ತೀರಿ. ಹವಾಮಾನ ವರದಿಯ ಹಿಂದೆ ತಂಬೂರಿ ಮೀಟಿಸಿದ ಧೀರರು ಈ ಭೂಮಿಯ ಮೇಲೆ ತಾವೊಬ್ಬರೇ ಇರಬೇಕು. ಅದರಿಂದಾಗಿ ಮಳೆ ಬರುತ್ತದೋ ಇಲ್ಲವೋ ಎಂಬುದು ಇವತ್ತಿನವರೆಗೂ ನಮಗೆ ಸರಿಯಾಗಿ ಕೇಳಿಸಿಲ್ಲ, ಆದರೆ ನೆನೆಯುವಾಗ ಮನಸ್ಸು ಹಾಯಾಗಿರುತ್ತದೆ.

ಇಂಥ ತಾವು ಕಳೆದ ಸೋಮವಾರ, ನಮ್ಮೂರಿನ ಹಿರಿಯ ಕ್ಲಾರಿನೆಟ್ ವಾದಕರು ತೀರಿಕೊಂಡ ಸುದ್ದಿ ಓದಿ, ಅವರ ಕಛೇರಿಗಳಲ್ಲಿ ಮೊದಲ ಸಾಲಿನಲ್ಲೇ ಕೂತವನು ನಾನು ಎಂದು ಗದ್ಗದಿತರಾಗಿ, ಅವರ ವಾದನವೆಂದು ಮೂರು ನಿಮಿಷ ಪ್ರಸಾರ ಮಾಡಿದಿರಿ. ಆ ಮೂರು ನಿಮಿಷ ಊದಿದವನು ನಾನು, ಸ್ವಾಮಿ. ಇಪ್ಪತ್ತೆರಡು ವರ್ಷಗಳ ಹಿಂದೆ ನಾವಿಬ್ಬರೂ ಒಂದೇ ಮಧ್ಯಾಹ್ನ ತಮ್ಮ ಸ್ಟುಡಿಯೋದಲ್ಲಿ ಊದಿ ಬಂದಿದ್ದೆವು. ಎರಡು ಟೇಪುಗಳೂ ಒಂದೇ ಕಪಾಟು ಸೇರಿ ಇಷ್ಟು ಕಾಲ ಅಕ್ಕಪಕ್ಕದಲ್ಲಿ ಧೂಳು ತಿನ್ನುತ್ತಿದ್ದವು.

ವಾದನ ಮುಗಿದ ಮೇಲೆ ತಾವು "ಇಂಥ ಉಸಿರನ್ನು ಇನ್ನು ನಾವು ಕೇಳಲಾರೆವು" ಎಂದಿರಿ. ನಾನು ಆಗ ಚಹಾ ಆರಿಸಲು ಊದುತ್ತಿದ್ದೆ. ನಡುವೆ ಒಂದೂವರೆ ಮಾತ್ರೆಯ ಮೌನವೊಂದು ಬಂತಲ್ಲ, ಅದನ್ನು "ಬದುಕನ್ನೇ ಅರಗಿಸಿಕೊಂಡವರು ಮಾತ್ರ ಬಿಡಬಲ್ಲ ಜಾಗ" ಎಂದು ಕೊಂಡಾಡಿದಿರಿ. ವಿನಯಪೂರ್ವಕವಾಗಿ ತಿಳಿಸುತ್ತೇನೆ, ಅಂದು ನನಗೆ ಅರಗದೇ ಇದ್ದದ್ದು ಮಧ್ಯಾಹ್ನದ ಊಟ, ಅದು ಬಿಕ್ಕಳಿಕೆ.

ಇಷ್ಟೇ ಆಗಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಮೂವತ್ತೊಂದು ವರ್ಷಗಳಿಂದ ನಾನು ವಾದ್ಯ ಕೈಗೆತ್ತಿಕೊಂಡ ಕೂಡಲೇ ಕಿಟಕಿ ಮುಚ್ಚುವ ನನ್ನ ಹೆಂಡತಿ, ಪಕ್ಕದಲ್ಲಿ ಕಾಜ ಹೊಲಿಯುತ್ತಿದ್ದವಳು, ಕಣ್ಣೊರೆಸಿಕೊಂಡು "ನೋಡಿ, ಊದೋದು ಅಂದ್ರೆ ಇದು. ನೀವೂ ಇದ್ದೀರ!" ಎಂದಳು. ಅದು ನಾನೇ ಕಣೇ ಎಂದೆ. "ಸತ್ತೋರ ಮೇಲೂ ಹೊಟ್ಟೆಕಿಚ್ಚಾ ನಿಮಗೆ?" ಎಂದು ಎದ್ದೇ ಹೋದಳು. ಸಾಬೀತು ಮಾಡಲು ಅದೇ ರಾಗವನ್ನು ಅವಳೆದುರು ಊದಿದೆ. ಪೂರ್ತಿ ಕೇಳಿ, "ಪರವಾಗಿಲ್ಲ. ಆದ್ರೆ ಮಧ್ಯದಲ್ಲಿ ಅವರು ನಿಲ್ಲಿಸಿದ್ರಲ್ಲ, ಅದು ನಿಮ್ಮ ಹಣೇಲಿ ಬರೆದಿಲ್ಲ ಬಿಡಿ" ಎಂದಳು. ಬಿಕ್ಕಳಿಕೆ ಬೇಕೆಂದಾಗ ಬರುತ್ತದೆಯೇ, ತಾವೇ ಹೇಳಿ.

ತಮ್ಮ ಆಫೀಸಿಗೆ ಫೋನ್ ಮಾಡಿದರೆ, ತಿದ್ದುಪಡಿ ಸುದ್ದಿಗೆ ಮಾತ್ರ, ಸಂಗೀತ ಸುದ್ದಿಯಲ್ಲ ಎಂದರು. ಆದ್ದರಿಂದ ತಾವೇ ನಾಳೆ ಬೆಳಿಗ್ಗೆ ಮುಖ್ಯಾಂಶಗಳಿಗೂ ಮೊದಲು ನನ್ನ ಹೆಸರು ಹೇಳಿ, ಊದಿದವನು ಇವನೇ ಎಂದು ಸಾರಬೇಕು; ಆಗದಿದ್ದರೆ ಅಂದಿನಂಥದೇ ಬಿಕ್ಕಳಿಕೆಯೊಂದನ್ನು ಮೊಹರು ಒತ್ತಿ ನನ್ನ ವಿಳಾಸಕ್ಕೆ ಕಳುಹಿಸಿಕೊಡಬೇಕು. ನಾನೇ ಸತ್ತು ಸುದ್ದಿಯಾಗೋಣವೆಂದರೆ ತಾವು ಆಗ ಅವರ ಟೇಪು ಹಾಕಿ ನನ್ನನ್ನು ಹೊಗಳುತ್ತೀರಿ, ಸತ್ತದ್ದೂ ದಂಡ.

ಇಷ್ಟು ಬರೆದು ನಿನ್ನೆ ಪತ್ರ ಮುಗಿಸಿದ್ದೆ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ತೀರಿಹೋದವರ ಪತ್ನಿ ಅಂಗಡಿಗೆ ಬಂದರು. ಗಂಡ ಕಛೇರಿಗೆ ಹಾಕುತ್ತಿದ್ದ ಕೋಟನ್ನು ಮಗನ ಅಳತೆಗೆ ಸಣ್ಣ ಮಾಡಿಸಲು ತಂದಿದ್ದರು. ಅಳತೆ ಹೇಳಿ ಮುಗಿಸಿ, ನನ್ನ ಹೆಂಡತಿಯ ಎದುರಿಗೇ, "ರೇಡಿಯೋದಲ್ಲಿ ಬಂದದ್ದು ನಿಮ್ಮದು ಅಲ್ವಾ ಅಣ್ಣಾ? ಮೊದಲನೇ ಉಸಿರಿಗೇ ಗೊತ್ತಾಯ್ತು. ನಮ್ಮನೆಯವರು ಊದಿದ್ದರ ಟೇಪು ಮನೇಲಿ ಒಂದೂ ಇಲ್ಲ. ಕೊನೇ ಸಲ ಕೇಳೋಣ ಅಂತ ಎಲ್ಲರನ್ನೂ ಸುಮ್ಮನಿರಿಸಿ ಕೂತಿದ್ದೆ" ಎಂದರು. ನನ್ನ ಹೆಂಡತಿ ಸೂಜಿ ಕೆಳಗಿಟ್ಟು ನನ್ನನ್ನೇ ನೋಡಿದಳು. ಆ ನೋಟಕ್ಕಾಗಿಯೇ ಮೂವತ್ತೊಂದು ವರ್ಷ ಊದಿದ್ದೆ. ಸಿಕ್ಕಾಗ ನಾಚಿಕೆಯಾಯಿತು.

ಆದ್ದರಿಂದ ಮೇಲಿನ ಬೇಡಿಕೆಗಳನ್ನೆಲ್ಲ ತಾವು ಹೊಡೆದುಹಾಕಬೇಕಾಗಿ ವಿನಂತಿ. ನನ್ನ ಹೆಸರು ಬೇಡ. ಅವರ ಟೇಪನ್ನು ತೆಗೆದು, ನಡುವೆ ಒಂದು ಮಾತೂ ಆಡದೆ, ಪೂರ್ತಿ ಹಾಕಿ. ಅದು ನನ್ನದಕ್ಕಿಂತ ಚೆನ್ನಾಗಿದೆ. ಆ ಮಧ್ಯಾಹ್ನ ಸ್ಟುಡಿಯೋದ ಗಾಜಿನ ಈಚೆ ನಿಂತು ಕೇಳಿದವನು ನಾನು. ಕೋಟು ಒಯ್ಯಲು ಆ ತಾಯಿ ಶನಿವಾರ ಬೆಳಿಗ್ಗೆ ಸುದ್ದಿಯ ಹೊತ್ತಿಗೆ ಬರುತ್ತಾರೆ. ಹಾಗೆ ಬರಲು ಹೇಳಿದವಳು ನನ್ನ ಹೆಂಡತಿ.

ಇಂತು, ಶನಿವಾರದವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ದರ್ಜಿ

ಮರೆತ ಮಾತು: ಟೇಪಿನ ಡಬ್ಬಿಯ ಮೇಲೆ ಅವರ ಹೆಸರನ್ನು ದಪ್ಪಕ್ಷರದಲ್ಲಿ ಬರೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಒಮ್ಮೆ ಓದಿ. ಓದುವುದೇ ತಮ್ಮ ಉದ್ಯೋಗವೆಂದು ಕೇಳಿದ್ದೇನೆ.